ಕನ್ನಡಿಯೊಳಗಿನ ರೀಡಿಂಗು

ಬುರುಜನಹಟ್ಟಿಯ ಮೆಟ್ಟಿಲು ಓಣಿಯಲ್ಲಿ
ನನ್ನ ಹೆಸರು ಕರೆಂಟಕ್ಕ.
ಕರೆಂಟು ಹೋದ ದಿನ ಅಕ್ಕ ಉದುರಿಹೋಗಿ
ಬರೀ ಕರೆಂಟಿನೋಳು.

ಬೆಳಗಿನ ಏಳಕ್ಕೆ ಕೊರಳಿಗೆ ಮಷೀನು.
ಬ್ಯಾಟರಿ ಹನ್ನೊಂದಕ್ಕೇ ಆಕಳಿಸುತ್ತದೆ,
ಚಪ್ಪಲಿಯ ಉಂಗುಟಕ್ಕೆ ಮೊನ್ನೆಯಿಂದ ಪಿನ್ನು.
ಒಂದು ಮನೆಯಲ್ಲಿ ಮೀಟರಿಗೆ ಅಡ್ಡ ಸಿಲಿಂಡರು,
ಇನ್ನೊಂದರಲ್ಲಿ ಅಡ್ಡ ಮಾರಮ್ಮನ ಪಟ
(ಕೈಮುಗಿದು ಸರಿಸಬೇಕು),
ಮತ್ತೊಂದರಲ್ಲಿ ಡಬ್ಬದ ಮೇಲೇ
ಕಾವು ಕೂತ ಕೋಳಿ.

"ಸೊನ್ನೆ ಬಿಲ್ಲು ಅಂದಮ್ಯಾಲೆ
ತಿಂಗ್ಳಾ ತಿಂಗ್ಳಾ ನೀ ಯಾಕವ್ವ ಬರ್ತೀಯ?"
ರಾಗಿ ಕೇರುತ್ತ ಕೇಳುತ್ತಾಳೆ ತಿಪ್ಪಮ್ಮಜ್ಜಿ.
ಸೊನ್ನೆಯನ್ನೂ ಯಾರಾದರೂ ಬರೀಬೇಕಲ್ಲಜ್ಜಿ.

ಜೋಗಿಮಟ್ಟಿಯ ಕಡೆ
ಗಾಳಿಕಂಬಗಳು ತಮ್ಮ ಪಾಡಿಗೆ ತಿರುಗುತ್ತವೆ.
ಅವುಗಳ ಮೀಟರು ಯಾರು ಓದುತ್ತಾರೋ,
ಅವರಿಗೂ ನಾಯಿ ಬೊಗಳುತ್ತದೋ.

ಕೊನೆಯ ಮನೆ ಕರಿಯಪ್ಪನದು.
ಕರಿಯಪ್ಪ ಸತ್ತು ಹನ್ನೆರಡು ವರ್ಷ,
ಬಿಲ್ಲು ಮಾತ್ರ ಇನ್ನೂ ಅವನ ಹೆಸರಿಗೆ.
ಬಾಡಿಗೆಯ ಗಂಡ ಹೆಂಡತಿ
ಕೋಳಿ ಕೂಗೋ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತಾರಂತೆ.
ಗ್ರಿಲ್ಲಿನ ಒಳಕಂಬಕ್ಕೆ ಮೀಟರು,
ಮುನಿದ ಮಗುವಿನ ಹಾಗೆ ಮುಖ ಆ ಕಡೆ.
ಎರಡು ತಿಂಗಳಿಂದ ಒಂದೇ ಗುಂಡಿ ಒತ್ತಿದ್ದೇನೆ:
ಬಾಗಿಲು ಹಾಕಿದೆ.

"ಮೂರನೇ ಸಲ ಆದ್ರೆ ವಿವರಣೆ ಬರಕೊಡಬೇಕು"
ಅಂದಿದ್ದರು ಪಾಲಯ್ಯ ಸಾಹೇಬರು.
ಏನಂತ ಬರೀಲಿ ಸಾರ್?
ಬಾಗಿಲು ಹಾಕಿತ್ತು ಅಂತ?

ಎದುರಿಗೆ ಸನಾವುಲ್ಲಾನ ಗ್ಯಾರೇಜು.
ನನ್ನ ಕತ್ತಿನ ಕಸರತ್ತು ನೋಡಿ ನೋಡಿ
ಹಳೇ ಬೈಕಿನದೊಂದು ಕನ್ನಡಿ
ಕಡ್ಡಿ ಸಮೇತ ಬಿಚ್ಚಿಕೊಟ್ಟ:
"ತಗಳಕ್ಕ, ಹಿಂದಿಂದೆಲ್ಲ ಕಾಣ್ತದೆ."

ಗ್ರಿಲ್ಲಿನ ಸಂದಿಗೆ ಮೊಣಕೈವರೆಗೆ ತೂರಿಸಿದೆ.
ಮೊದಲು ಬಂತು ತಾರೀಖು,
ಆಮೇಲೆ ಗಂಟೆ, ಆಮೇಲೆ ವೋಲ್ಟೇಜು.
ನನಗೆ ಬೇಕಾದ್ದು ಬರುವಷ್ಟರಲ್ಲಿ
ತೋಳು ನನ್ನದಲ್ಲ.
ಬಂತು. ಅಂಗೈ ಮೇಲೆ ಗೀಚಿಕೊಂಡೆ: ಎಂಟು, ಎರಡು, ಐದು,
ಕೊನೆಗೆ ಬೆನ್ನು ತಿರುಗಿಸಿ ನಿಂತ ನಾಲ್ಕು.

ಹಿಂದುಮುಂದು ಮಾಡಿದರೆ
ನಾಲ್ಕು ಸಾವಿರದ ಐನೂರ ಇಪ್ಪತ್ತೆಂಟು.
ಹಳೆಯದು ನಾಲ್ಕು ಸಾವಿರದ ನೂರಾ ಒಂದು.
ಕಳೆದೆ: ನಾನೂರ ಇಪ್ಪತ್ತೇಳು.
ಹಗಲೆಲ್ಲ ಬೀಗ ಜಡಿದ ಮನೆ
ಇಷ್ಟು ಕರೆಂಟು ಕುಡಿಯಿತೇ?

ಬೆರಳು ಗುಂಡಿಯ ಮೇಲೇ ಇತ್ತು.
ಹಸಿದ ಹೊಟ್ಟೆ ಒತ್ತು ಒತ್ತು ಅನ್ನುತ್ತಿತ್ತು.
ಸುಮ್ಮನೆ ಒಮ್ಮೆ
ಸನಾವುಲ್ಲಾನ ಕ್ಯಾಲ್ಕುಲೇಟರಿಗೆ ಕನ್ನಡಿ ಹಿಡಿದೆ.
ಎಂಟಿಗೆ ಯಾವ ಕಡೆಯಿಂದಲೂ ಒಂದೇ ಮುಖ.
ಆದರೆ ಎರಡು, ಐದು!
ಕನ್ನಡಿಯೊಳಗೆ ಹೊಕ್ಕರೆ ಎರಡು ಐದಾಗುತ್ತದೆ,
ಐದು ಎರಡಾಗುತ್ತದೆ,
ಹೊಳೆದಂಡೆಯಲ್ಲಿ ಅಂಗಿ ಬದಲಿಸಿಕೊಂಡ
ಅವಳಿ ಹುಡುಗರ ಹಾಗೆ.

ನಾಲ್ಕು ಸಾವಿರದ ಇನ್ನೂರ ಐವತ್ತೆಂಟು.
ಮೂರು ತಿಂಗಳಿಗೆ ನೂರ ಐವತ್ತೇಳು.
ಕರ್ರ್ ಎಂದು ನಾಲಿಗೆ ಚಾಚಿತು ಮಷೀನು.

ಕನ್ನಡಿಯೊಳಗಿನ ಗಂಟು ಕೈಗೆ ದಕ್ಕೋದಿಲ್ಲ
ಅಂತಿದ್ದಳು ನಮ್ಮವ್ವ.
ದಕ್ಕಿತು ನೋಡವ್ವ, ನೂರ ಐವತ್ತೇಳು ಯೂನಿಟ್ಟಿನ ಗಂಟು.
ಸನಾವುಲ್ಲಾ ಟೀ ತರಿಸಿದ. ಅರ್ಧ ಲೋಟ.
ಇನ್ನರ್ಧ ಅವನಿಗೆ.

ಸಾಹೇಬರು ಪಟ್ಟಿ ನೋಡಿದರು.
ಕರಿಯಪ್ಪನ ಸಾಲು ದಾಟಿ
ಅವರ ಪೆನ್ನು ನೇರ ಕೆಳಗಿಳಿಯಿತು:
"ಇದ್ಯಾಕಮ್ಮ ಇನ್ನೆರಡು ಮನೆ ಬಿಟ್ಟಿದೀಯ?"

ಸಂಜೆ ಮೆದೇಹಳ್ಳಿ ರಸ್ತೆಯ ನಮ್ಮ ಮನೆಗೆ ಬಂದೆ.
ಚಿಲಕಕ್ಕೆ ಸಿಕ್ಕಿಸಿದ ಚೀಟಿ,
ಗಾಳಿಗೆ ಪಟಪಟ.
ನಮ್ಮ ಬೀದಿಯ ರೀಡರು ಮಹಾಲಿಂಗ
ಈ ತಿಂಗಳೂ ಅದನ್ನೇ ಒತ್ತಿ ಹೋಗಿದ್ದಾನೆ:
ಬಾಗಿಲು ಹಾಕಿದೆ.

ಚಪ್ಪಲಿ ಬಿಡುವ ಮುಂಚೆ ಫೋನು ಹಚ್ಚಿದೆ.
"ಮಹಾಲಿಂಗಣ್ಣ, ನನ್ನ ಹತ್ರ ಒಂದು ಕನ್ನಡಿ ಐತೆ.
ಬೇಕಾದ್ರೆ ಒಯ್ಯಿ.
ಎರಡು, ಐದು ಮಾತ್ರ ಹುಷಾರು."