ಚುಂಬಕ ಹಿಡಿಯಲಾರದ ಜಾಗ

ಹೈದರಾಬಾದಿನಿಂದ ಬಂದವ ಚಾ ಬ್ಯಾಡಂದ.
ಕಿಸೆದಿಂದ ತೆಗದ ಒಂದು ಚುಂಬಕ,
ಅರಿವಿ ಸುತ್ತಿದ್ದು, ಹೆಬ್ಬಟ್ಟಿನಷ್ಟು.
ಗಾಡಿಗೆ ನಮಸ್ಕಾರ ಇಲ್ಲ, ಮಹಾನಂದಾಗೂ ಇಲ್ಲ,
ಸೀದಾ ಹೋಗಿ ಬಾಗಲಕ್ಕ ಹಚ್ಚಿದ.

ಚಿದ್ರಿ ರೋಡಿನ ಈ ಶೆಡ್ಡಿನಾಗ
ಕಾಂಟೆಸ್ಸಾ ನಿಂತು ಹನ್ನೊಂದು ವರ್ಷ.
ಕರಿ ಬಣ್ಣ. ಬಾನೆಟ್ಟಿನ ಮ್ಯಾಲ ಒಂದು ಗೂನು,
ಒಳಗಿನ ಇಂಜಿನ್ ಮನಿಗಿಂತ ದೊಡ್ಡದು ಅಂತ ಎಬ್ಬಿಸಿದ್ದು.
ಹಿಂದಿನ ಗಾಲಿ ಮುಂದಿನಕಿಂತ ಅಗಲ,
ಪೈಲ್ವಾನ ಕೂತಂಗ:
ತೊಡಿ ಮೊದಲು ಕಾಣತಾವ, ಮಾರಿ ಆಮ್ಯಾಲ.

'ಕಂಪನಿ ಇಂಜಿನ್ ಎಲ್ಲಿ?'
ಇಲ್ರಿ.
'ಕಂಪನಿ ಸೀಟು?'
ಇಲ್ರಿ.
'ನಂಬರ್ ಹೊಂದಂಗಿಲ್ಲ' ಅಂತ ಬರಕೊಂಡ.
ನಾ ಡೆಂಟರ್ ಜೀವರತ್ನ, ನಡಬರಕ ಮಾತಾಡಬಾರದು.
ಆದ್ರ ನಂಬರ್ ಹೊಂದಿದ್ದ ಗಾಡಿ ನೋಡ್ಲಿಕ್ಕೆ
ಹುಮನಾಬಾದ್ ರೋಡಿಗೆ ಯಾರು ನಿಲ್ತಿದ್ರು, ಹೇಳ್ರಿ?

ಬಾಗಲಕ್ಕ ಚುಂಬಕ ಹಿಡೀತು. ಫೆಂಡರಿಗೆ ಹಿಡೀತು.
ಪುಟ್ಟಿ ಇಲ್ಲ, ಬರೇ ತಗಡು, ಬರೇ ಪೆಟ್ಟು.
ಮಹತಾಬ್ ಉಸ್ತಾದರು ಪುಟ್ಟಿಗೆ ಸುಳ್ಳಿನ ಹಿಟ್ಟು ಅಂತಿದ್ರು.
ತಗಡು ಹೇಳಿದ್ದು ಕೇಳೋತನಕ ಬಡಿಬೇಕು,
ಅದು ಅಳೋಕಿಂತ ಮೊದಲು ನಿಲ್ಲಿಸಬೇಕು.

ಡ್ಯಾಶ್‌ಬೋರ್ಡಿಗೆ ಹಚ್ಚಿದ. ಬಿತ್ತು.
ಮತ್ತ ಹಚ್ಚಿದ. ಮತ್ತ ಬಿತ್ತು,
ಉಳ್ಳಿಕೋತ ಹೋಗಿ ಗೇರಿನ ಸಂದಿನಾಗ ಸೇರ್ತು.
'ಇದೇನು, ಪ್ಲಾಸ್ಟಿಕ್?'
ಮಹಾನಂದಾ ನಕ್ಕು, ಸೆರಗಿಲೆ ಧೂಳಾ ಒರಸಿದಳು.

ಸತುವು ತಾಮ್ರ ಕೂಡಿಸಿ ಎರಕ,
ಅದರೊಳಗ ಬಡದು ಕೂಡಿಸಿದ ಬೆಳ್ಳಿ ತಂತಿ,
ಕೋಟಿ ಗೋಡಿ ಸಂದಿನ ಮಣ್ಣು ಹಚ್ಚಿ ಕರಿ ಮಾಡಿದ್ದು.
ಹುಕ್ಕಾ ಹೂಜಿ ಮಾಡೋ ಶಫಿಉದ್ದೀನರು
ಒಂದು ರಮಜಾನ್ ಪೂರಾ ಇದರ ಮುಂದ ಕೂತಿದ್ರು.
ಹೂವು ಬ್ಯಾಡ, ಬಳ್ಳಿ ಬ್ಯಾಡ ಅಂದಿದ್ರಂತ ವೈಜಿನಾಥಪ್ಪ.
ಅದಕ್ಕ ಬರೇ ರೋಡು ಹಾಕ್ಯಾರ,
ಬೀದರದಿಂದ ಜಹೀರಾಬಾದ್, ಒಂದೊಂದು ತಿರುವೂ ಬೆಳ್ಳಿ,
ರೈಲ್ವೆ ಗೇಟಿಗೆ ಒಂದು ಚುಕ್ಕಿ.

ಆಂವ ಮೊಣಕಾಲೂರಿದ.
ಬೆಳ್ಳಿ ರೋಡಿನ ಮ್ಯಾಲ ಬಟ್ಟಿಲೆ ಹೋದ, ತಿರುಗಿ ಬಂದ.
ಮೂರೂವರಿ ಲಕ್ಷ ಅಂತ ಬರದಿದ್ದ, ಅದರ ಮ್ಯಾಲ ಗೀಟು ಎಳದ.
ಮುಂದ ಬರದದ್ದು ನಮಗ ತೋರಿಸಲಿಲ್ಲ.

'ಕಾಗದ ಬೇಕು,' ಅಂದ, 'ಯಾರು ಏನು ಮಾಡ್ಯಾರ ಅಂತ.
ಬದಲಿ ಮಾಡಿದ ಗಾಡಿ, ಕೈಗೆ ಹೆಸರಿದ್ರ ಬೆಲಿ.
ಇಲ್ಲಾಂದ್ರ ಗುಜರಿ.'

ಉಸ್ತಾದರದು ರೇಶನ್ ಕಾರ್ಡಿನ ಮ್ಯಾಲೂ ಹೆಬ್ಬಟ್ಟೇ.
ಲೆಟರ್ ಪ್ಯಾಡ್ ಎಲ್ಲಿಂದ ತರೂದು,
ಹ್ವಾದ ವರ್ಷದ ಬ್ಯಾಟರಿ ಕ್ಯಾಲೆಂಡರ್ ಹರದು ಹಿಂದಿನ ಬದಿಗೆ ಬರದೆ.

ತಗಡು: ಮಹತಾಬ್ ಅಲಿ, ಮನಿಯಾರ್ ತಾಲೀಮ್. ಈಗ ಇಲ್ಲ.
ಬಿದ್ರಿ: ಶಫಿಉದ್ದೀನ್, ಚೌಬಾರಾ ಹಿಂದಿನ ಗಲ್ಲಿ. ಕಣ್ಣು ಕಾಣಂಗಿಲ್ಲ.
ಸೈಲೆನ್ಸರ್: ಏರ್‌ಫೋರ್ಸಿಂದ ರಿಟೈರ್ ಆದ ಕುರಿಯನ್,
ವಿಮಾನ ಬಿಟ್ಟರೂ ಅದರ ಸದ್ದು ಬಿಡಲಿಲ್ಲ.
ಸೀಟು: ಹಲಗಿ ಕಟ್ಟೋ ಘಾಳೆಪ್ಪ. ಹೊಲಿಗಿ ಇನ್ನೂ ಬಿಚ್ಚಿಲ್ಲ.
ರೊಕ್ಕ: ವೈಜಿನಾಥಪ್ಪ, ಎಣ್ಣಿ ಗಾಣ.
'ನಂದೂ ಬರಿ,' ಅಂದಳು ಮಹಾನಂದಾ.
ಎರಡು ಕ್ಲಚ್ ಸುಟ್ಟಾಕಿ: ಮಗಳು.

'ನಿಂದೇನು?' ಅಂದ ಆಂವ.
ಆಗ ನನಗ ಹದಿಮೂರು.
ಇಂಜಿನ್ ಇಳಿಸೋ ರಾತ್ರಿ ಕರೆಂಟ್ ಹೋಗಿತ್ತು,
ಗ್ಯಾಸ್ ಬತ್ತಿ ಹಿಡಕೊಂಡು ನಿಂತಿದ್ನಿ.
ಕೈ ನಡುಗಿದ್ರ ಉಸ್ತಾದರು ಬೈತಿದ್ರು:
ನೆರಳು ಅಳ್ಳಾಡಸಬ್ಯಾಡಲೇ.
ಬರದೆ.
ಬೆಳಕು: ಜೀವರತ್ನ.

ಕಾಗದ ಮಡಚಿ ಕಿಸೆದಾಗ ಇಟಕೊಂಡ, ಹೋದ.
ಚುಂಬಕ ಮರತಾನ.
ಗೇರಿನ ಬುಡಕ್ಕ ಯಾವುದೋ ಕಬ್ಬಿಣ ಸಿಕ್ಕದ ಅದಕ್ಕ,
ಎಷ್ಟು ಜಗ್ಗಿದ್ರೂ ಬಿಡವಲ್ದು.
ಮಹಾನಂದಾ ಇನ್ನೂ ಹೂಂ ಅಂದಿಲ್ಲ.