ಓಪಲ್ ಡಿ., ಬೆಳಗಿನ ಪಾಳಿ

ಟೊಲೀಡೊದ ಪೂರ್ವದ ದಂಡೆ, ಮಾರ್ಚಿನ ಶನಿವಾರ.
ಶ್ರೀಮತಿ ಟಕಾಚ್ ನೆಲಮಾಳಿಗೆಯನ್ನೇ ಮಾರಾಟಕ್ಕಿಟ್ಟಿದ್ದರು:
ಇಸ್ತ್ರಿ ಮೇಜು, ಮೀನಿನ ಗಾಳ, ಒಂಟಿ ಸ್ಕೇಟು.
ಬಣ್ಣದ ಡಬ್ಬಿಗಳಿಗೆ ಪೀಠವಾಗಿ
ಮೂಲೆಯಲ್ಲೊಂದು ಸ್ನೇರ್ ಡ್ರಮ್,
ನೆತ್ತಿಯ ಮೇಲೆ ಒಣಗಿದ ಹಸಿರು ಉಂಗುರ.

"ಅದಾ? ನಮ್ಮ ಮೈದುನನದು. ಮದುವೆಗಳಲ್ಲಿ ಬಾರಿಸುತ್ತಿದ್ದ.
ಸದ್ದು ಮಾಡುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ ಅವನಿಗೆ.
ನಲವತ್ತು ಡಾಲರ್. ಡಬ್ಬಿಗಳನ್ನೂ ಒಯ್ದುಬಿಡು."

ನಾನು ಬಸ್ ರಿಪೇರಿಯವನು, ಈಗ ನಿವೃತ್ತ.
ತಾಳ ಬಾರದು. ಚರ್ಚಿನಲ್ಲಿ ಚಪ್ಪಾಳೆ ತಟ್ಟಿದರೆ
ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ.
ಆದರೆ ಬೋಲ್ಟು ಮುಟ್ಟಿ ಇಸವಿ ಹೇಳಬಲ್ಲೆ.

ಇದು, ನಿಕಲ್ ಸವೆದ ಹಿತ್ತಾಳೆ, ಮೂಕಿಚಿತ್ರದ ಕಾಲದ್ದು.
ಪರದೆಯ ಮೇಲೆ ಕುದುರೆ ಓಡಿದರೆ
ಕೆಳಗೆ ಕತ್ತಲಲ್ಲಿ ಒಬ್ಬ
ಇದರ ಅಂಚಿಗೆ ಗೊರಸು ಕಟ್ಟುತ್ತಿದ್ದ.
ಸಿನಿಮಾಕ್ಕೆ ಮಾತು ಬಂತು, ಅವನ ಬಾಯಿಗೆ ಮಣ್ಣು ಬಿತ್ತು.
ಆ ಚಳಿಗಾಲ ಗಿರವಿ ಅಂಗಡಿಯ ಗಾಜಿನ ಹಿಂದೆ
ಸಾಲು ಸಾಲು ಹುಣ್ಣಿಮೆ.

ಇದಕ್ಕಿನ್ನೂ ಕರುವಿನ ಚರ್ಮ.
ಮೋಡ ಕವಿದರೆ ಜೋಲುತ್ತದೆ, ಹೀಟರ್ ಹಚ್ಚಿದರೆ ಸೆಟೆಯುತ್ತದೆ,
ನನ್ನ ಮಂಡಿಗಿಂತ ಒಂದು ಗಂಟೆ ಮೊದಲೇ ಮಳೆಯ ಸುದ್ದಿ ಹೇಳುತ್ತದೆ.
ಪ್ಲಾಸ್ಟಿಕ್ಕು ಬಂದ ಮೇಲೆ ಡ್ರಮ್ಮುಗಳಿಗೆ
ಹವಾಮಾನ ಮರೆತುಹೋಯಿತು.

ಇನ್ನು ಟಕಾಚ್ ಮನೆಯದು.
ಒರೆಸಿದೆ, ಧೂಳು ಬಿಟ್ಟಿತು,
ಬಿಗಿಯುವ ಗೂಟಗಳೆಲ್ಲ ಮರದವು.
ಅಂದರೆ ನಲವತ್ತಮೂರು, ನಲವತ್ತನಾಲ್ಕು:
ಲೋಹ ಯುದ್ಧಕ್ಕೆ ಹೋಗಿತ್ತು, ಗಂಡಸರು ಹೋಗಿದ್ದರು,
ಕುಣಿತ ಮಾತ್ರ ಊರಲ್ಲೇ ಉಳಿದಿತ್ತು.
ಚರ್ಮ ಬಿಚ್ಚಿದೆ. ಒಳಗೆ ಮೇಪಲ್ ಮರದ ಹಳೆಯ ಉಸಿರು,
ಟಾರ್ಚ್ ಹಾಯಿಸಿದರೆ ಪೆನ್ಸಿಲ್ ಗೀರು:
*ಓಪಲ್ ಡಿ., ಬೆಳಗಿನ ಪಾಳಿ, ಫೆಬ್ರವರಿ ೪೩.*
'ಓ' ಅಕ್ಷರಕ್ಕೆ ಹಂದಿಮರಿಯ ಬಾಲದಂಥ ಸುರುಳಿ.

ಎರಡು ವರ್ಷದ ಮೇಲೆ, ಫೋರ್ಟ್ ವೇನ್‌ನಲ್ಲಿ,
ಮರ್ಲ್ ಹಾಕ್ಸ್‌ಟೆಟ್ಲರನ ಗ್ಯಾರೇಜಿನಲ್ಲಿ ಅದೇ ಬಾಲ:
*ಓಪಲ್ ಎಂ., ಜೂನ್ ೪೪.*
"ಓಹೋ, ಮದುವೆಯಾಗಿದ್ದಾಳೆ!" ಎಂದೆ.
ಮರ್ಲ್ ಬಿಯರ್ ತೆರೆದ. ಎಂಬತ್ತು ವರ್ಷ ತಡವಾಗಿ
ಇಬ್ಬರು ಮುದುಕರು ಆ ಹೆಣ್ಣಿಗೆ ಒಳ್ಳೆಯದಾಗಲೆಂದು ಕುಡಿದೆವು.

ಮೂರನೆಯದು ಡುಲೂತ್‌ನಿಂದ ಅಂಚೆಯಲ್ಲಿ ಬಂತು.
ಒಡಕು, ಬಳೆ ಸೊಟ್ಟ, ಕೊಟ್ಟ ದುಡ್ಡು ದಂಡ.
ಟಾರ್ಚ್ ಹಚ್ಚಿದೆ.
*ಓಪಲ್ ಡಿ., ಮಾರ್ಚ್ ೪೫.*
ಬಾಲವಿಲ್ಲ. ಬರಿಯ ದುಂಡು.

ಯಾರು ಈ ಎಂ.? ಹಡಗೋ, ಮರಳೋ, ಒಂದು ತಂತಿ ಸುದ್ದಿಯೋ?
ಅಥವಾ ಅವನು ಚೆನ್ನಾಗಿಯೇ ಇದ್ದು, ಇವಳೇ ಬಿಟ್ಟಳೋ?
ಅಥವಾ ಇವಳು ಬೇರೆಯೇ ಓಪಲ್,
ಪಕ್ಕದ ಮೇಜಿನವಳು, ನೇರ ಬುದ್ಧಿಯವಳು,
ಅಕ್ಷರಗಳಿಗೆ ಬಾಲ ಅಂಟಿಸುವ ವ್ಯವಧಾನವಿಲ್ಲದವಳು?
ಊರ ಡೈರೆಕ್ಟರಿ ತಿರುವಿದೆ, ಗ್ರಂಥಾಲಯದ ಹುಡುಗಿಯ ತಲೆ ತಿಂದೆ.
ಕಾರ್ಖಾನೆಯ ಜಾಗದಲ್ಲೀಗ ಹಾಸಿಗೆ ಮಾರುತ್ತಾರೆ.

ಮರ್ಲ್‌ಗೆ ಇನ್ನೂ ಹೇಳಿಲ್ಲ.

ಹೊಸ ಚರ್ಮ ಹೊದಿಸಿ ಮೂರನ್ನೂ ಮುಚ್ಚಿದೆ
(ಮರ್ಲ್ ತನ್ನದನ್ನು ಬಿಟ್ಟುಕೊಡಲು ನನ್ನ ಕೊರೆಯುವ ಯಂತ್ರ ಕೇಳಿದ, ಕೊಟ್ಟೆ).
ಬರೆದವಳ ಕೈ ಮತ್ತೆ ಕತ್ತಲೊಳಗೆ.

ರಾತ್ರಿ ಹನ್ನೊಂದೂ ಹತ್ತಕ್ಕೆ ಗೂಡ್ಸ್ ರೈಲು ಹಾಯುತ್ತದೆ.
ನೆಲ ನಡುಗುವ ಮೊದಲೇ ಕಪಾಟಿನ ಇಪ್ಪತ್ತಾರು ಡ್ರಮ್ಮುಗಳ
ಹೊಟ್ಟೆಯಡಿಯ ತಂತಿಗಳೆಲ್ಲ ಝಿರ್ರೆನ್ನುತ್ತವೆ,
ಯಾರೂ ಬಡಿಯದೆ, ಯಾರೂ ಕೇಳದೆ.
ನನ್ನವಳು ಮಲಗಿದಲ್ಲಿಂದಲೇ ಕೂಗುತ್ತಾಳೆ: "ಕೀಲಿ ಇಳಿಸು!"
ಎದ್ದು ಹೋಗಿ ಒಂದೊಂದರ ಕೀಲಿ ಇಳಿಸುತ್ತೇನೆ.
ಇಪ್ಪತ್ತಮೂರನ್ನು ಇಳಿಸಿ
ದೀಪ ಆರಿಸುತ್ತೇನೆ.