ಲೆಕ್ಕವಿಲ್ಲದ ಚೆಂಡು

ನನ್ನಲ್ಲಿ ನಡೆಯುತ್ತದೆ. ಏಳು ವರ್ಷದಿಂದ ನಡೆದಿದೆ,
ಕಟಪಾಡಿಯ ಈ ಮೇಜಿನ ಮೇಲೆ, ಈ ಒಂದೇ ಕಂಪ್ಯೂಟರಿನಲ್ಲಿ,
ದಿನಾ ಸಂಜೆ: ಎಷ್ಟು ಚೆಂಡು, ಎಷ್ಟು ಅಟ್ಟೆ,
ಇವತ್ತಿನ ದರ, ಕಟ್ಟಿದವರಿಗೆಷ್ಟು, ಉಳಿದದ್ದೆಷ್ಟು.
ಮುನ್ನೂರ ಹನ್ನೆರಡು ಸಾಲು ಪೈಥಾನ್,
ನಾನೇ ಬರೆದದ್ದು, ನನ್ನನ್ನೇ ಬೈದುಕೊಂಡು.

ಶಂಕರಪುರದ ಸೆವ್ರಿನ್ ಬಾಯಿಗೆ ಅದು ಬೇಕಂತೆ.
"ಹೆಬ್ಬಾವಾದರೂ ಅಡ್ಡಿಲ್ಲ ಮಾರಾಯ್ತಿ, ಕೂಡಿಸಲಿಕ್ಕೆ ಬಂದರೆ ಸಾಕು."
ಫೈಲನ್ನು ಪೆನ್‌ಡ್ರೈವಿಗೆ, ಪೆನ್‌ಡ್ರೈವನ್ನು ತೊಟ್ಟೆಗೆ ಹಾಕಿ
ಬಸ್ಸು ಹತ್ತಿ ಹೋದೆ.
ಅವರ ಕಂಪ್ಯೂಟರು ಕೆಂಪಗೆ ಒಂದು ಸಾಲು ಉಗುಳಿತು:
ಇಂಥದ್ದು ಇಲ್ಲಿ ಇಲ್ಲ.
ಅದನ್ನು ಹಾಕಿದರೆ ಇನ್ನೊಂದು ಇಲ್ಲ.
ಅದನ್ನೂ ಹಾಕಿದರೆ ಡಿ ಡ್ರೈವೇ ಇಲ್ಲ.
ಬಾಯಿ ಚಾ ತಂದಿಟ್ಟರು. ಚಾ ತಣಿಯಿತು.
ನನ್ನಲ್ಲಿ ನಡೆಯುತ್ತದೆ, ಅಂದೆ.
"ಹಾಗಾದರೆ ನಾನು ದಿನಾ ನಿನ್ನಲ್ಲಿಗೆ ಬರಬೇಕಾ?"

ಮರಳುವಾಗ ಬಸ್ಸಿನಲ್ಲಿ
ಮುಂದಿನ ಸೀಟಿನ ಕೆಳಗೆ ಮುಂಬೈಗೆ ಹೊರಟ ಹೂವು.
ಬಾಳೆಬಳ್ಳಿಯಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ,
ಮೇಲೆ ಪೆನ್ನಿನಲ್ಲಿ ಒಂದು ಹೆಸರು.
ಹೂವಿನ ಜೊತೆ ಗಿಡ ಹೋಗುವುದಿಲ್ಲ, ಬಾವಿ ಹೋಗುವುದಿಲ್ಲ,
ನಸುಕಿಗೆ ಮೊಗ್ಗು ಕೊಯ್ದ ಕೈ ಹೋಗುವುದಿಲ್ಲ.
ಬಿಚ್ಚುವವರಿಗೆ ನಮ್ಮ ಮನೆಯ ದಾರಿ ಗೊತ್ತಿರಬೇಕಿಲ್ಲ.

ಆ ವಾರವಿಡೀ ಊಟವಾದ ಮೇಲೆ ಕಟ್ಟುತ್ತ ಕೂತೆ.
ಮೊದಲು ಹೆಸರು. 'ಲೆಕ್ಕ'ವನ್ನು ಯಾರೋ ಆಗಲೇ ಹಿಡಿದಿದ್ದರು,
'ಅಟ್ಟೆ' ಖಾಲಿ ಇತ್ತು. ಅಟ್ಟೆ, ಸೊನ್ನೆ ಬಿಂದು ಒಂದು.
ಆಮೇಲೆ ಏನೇನು ಬೇಕು, ಯಾವ ವರ್ಶನ್, ಎಷ್ಟು ಹಳತಾದರೆ ಆಗದು,
ಮದುವೆಯ ಅಡುಗೆಭಟ್ಟರು ಕೊಡುವ ಸಾಮಾನಿನ ಚೀಟಿಯ ಹಾಗೆ:
ತೆಂಗಿನಕಾಯಿ ಎಷ್ಟೆಂದರೆ ಸಾಲದು, ಬಲಿತದ್ದು ಎಂದೂ ಬರೆಯಬೇಕು.
ಡಿ ಡ್ರೈವ್ ತೆಗೆದೆ. ನನ್ನ ಹೆಸರಿನ ಫೋಲ್ಡರ್ ತೆಗೆದೆ.
ಹದಿನೇಳು ಕಡೆ ನಾನಿದ್ದೆ. ನನಗೇ ಗೊತ್ತಿರಲಿಲ್ಲ.

ಇನ್ನೂರ ನಾಲ್ಕನೇ ಸಾಲಿನಲ್ಲಿ ಕೈ ನಿಂತಿತು.
ಶುಕ್ರವಾರವಾದರೆ, ಚೆಂಡಿನಲ್ಲಿ ಒಂದು ಕಳೆ.
ಟಿಪ್ಪಣಿ ಇಲ್ಲ, ಕಾರಣ ಇಲ್ಲ. ಬರಿ ಕಳೆ.

ಅತ್ತೆ.
ಶುಕ್ರವಾರ ಒಂದು ಚೆಂಡು ಬೇರೆ ಎತ್ತಿಟ್ಟು
ಬಸ್‌ಸ್ಟ್ಯಾಂಡಿನ ಹಿಂದೆ ಕೊಡೆ ರಿಪೇರಿಯವನ ಹೆಂಡತಿಗೆ ಕೊಟ್ಟು ಬರುತ್ತಿದ್ದರು.
ಯಾಕೆಂದು ಕೇಳಿದರೆ, "ಅದು ಲೆಕ್ಕಕ್ಕಿಲ್ಲ", ಅಷ್ಟೇ.
ತಾಳೆಯಾಗಲಿ ಎಂದು ನಾನು ಆ ಸಾಲು ಬರೆದಿದ್ದೆ.
ಅತ್ತೆ ಹೋಗಿ ಮೂರು ಮಳೆಗಾಲ. ಕೊಡೆಯವನೂ ಊರು ಬಿಟ್ಟ.
ಅಂದಿನಿಂದ ಶುಕ್ರವಾರ ಬುಟ್ಟಿಯಲ್ಲಿ
ಒಂದು ಚೆಂಡು ಲೆಕ್ಕಕ್ಕಿಂತ ಹೆಚ್ಚಿರುತ್ತಿತ್ತು,
ಎಣಿಸುವಾಗ ತಪ್ಪಿದೆನೆಂದು ಬಿಡುತ್ತಿದ್ದೆ.

ಇದನ್ನು ಇನ್ನೊಬ್ಬರ ಮನೆಗೆ ಹೇಗೆ ಕಳಿಸುವುದು?
ಅಳಿಸಿದೆ. ಕಂಟ್ರೋಲ್ ಝಡ್. ಮತ್ತೆ ಅಳಿಸಿದೆ.
ಕೊನೆಗೆ ಸೆಟ್ಟಿಂಗಿನಲ್ಲಿ ಒಂದು ಚೌಕ ಮಾಡಿ
'ಲೆಕ್ಕವಿಲ್ಲದ ಚೆಂಡು' ಎಂದು ಬರೆದು,
ಪಕ್ಕದಲ್ಲಿ ವಾರದ ಜಾಗ ಬಿಟ್ಟು, ಸೊನ್ನೆ ತುಂಬಿಸಿಟ್ಟೆ.
ರೀಡ್‌ಮೀಯಲ್ಲಿ ಎಲ್ಲ ವಿವರಿಸಿದೆ, ಇದೊಂದನ್ನು ಬಿಟ್ಟು.

ಭಾನುವಾರ ಇಗರ್ಜಿಯಿಂದ ಬಂದು ಬಾಯಿ ಫೋನು ಹಿಡಿದು ಕೂತರು.
ಅಕ್ಷರ ಅಕ್ಷರವಾಗಿ ಹೇಳಿಕೊಟ್ಟೆ: ಪಿಪ್ ಇನ್‌ಸ್ಟಾಲ್ ಅಟ್ಟೆ.
"ಪಿ ಅಂದರೆ ನಮ್ಮ ಪಿಯುಸನ ಪಿ ಅಲ್ವಾ?" ಹೌದು, ಅದೇ.
ಗೆರೆ ಓಡಿತಂತೆ. ಮುಗಿಯಿತಂತೆ.
"ಇಷ್ಟೇಯಾ?"
ಇಷ್ಟೇ.

ಹತ್ತು ನಿಮಿಷ ಕಳೆದು ಮತ್ತೆ ಫೋನು.
"ಈ ಲೆಕ್ಕವಿಲ್ಲದ ಚೆಂಡು ಎಂತದು?"
ನಾನು ಮಾತು ಹುಡುಕುವಷ್ಟರಲ್ಲಿ,
"ಓ, ಅದಾ. ನಮ್ಮಲ್ಲಿ ಎರಡು. ಬುಧವಾರ.
ಯಾರಿಗೆಂದು ಇದು ಕೇಳುವುದಿಲ್ಲ ಅಲ್ಲ?"
ಇಲ್ಲ ಬಾಯಿ, ಕೇಳುವುದಿಲ್ಲ.

ನನ್ನಲ್ಲಿ ಇನ್ನೂ ಹಳೆಯ ವರ್ಶನ್ನೇ ನಡೆಯುತ್ತಿದೆ.
ಶುಕ್ರವಾರಕ್ಕೆ ಐದು ದಿನ ಉಂಟು.